ಅಂಚಿನ ಬೆರಳುಗಳು

ಮಗುವಿಗೆ ಎರಡು ವರ್ಷ ಇದ್ದೀತು. ಕೆಮ್ಮಿ ಕೆಮ್ಮಿ ಮುಖವೆಲ್ಲ ಕೆಂಪಾಗಿತ್ತು. ಅಪ್ಪನ ಕೊರಳಿಗೆ ಜೋತುಬಿದ್ದು ಎಕ್ಸ್-ರೇ ಕೋಣೆಯ ಯಂತ್ರವನ್ನು ಓರೆಗಣ್ಣಿನಲ್ಲಿ ನೋಡುತ್ತಿತ್ತು. ಅಪ್ಪನೂ ಹೆಚ್ಚುಕಡಿಮೆ ಹಾಗೆಯೇ ನೋಡುತ್ತಿದ್ದ.

"ಕೊಡಿ ಇಲ್ಲಿ ನಮ್ಮ ರಾಜನ್ನ," ಎಂದು ಚಿಕ್ಕಮ್ಮ ಕೈ ಚಾಚಿದಳು. "ನೀವು ಹೊರಗೆ ನಿಂತ್ಕೊಳ್ಳಿ. ಅಪ್ಪ ಕಣ್ಣಿಗೆ ಬಿದ್ರೆ ಅಳು ಜಾಸ್ತಿ."

ಚಿಕ್ಕಮ್ಮ ಆ ಆಸ್ಪತ್ರೆಯಲ್ಲಿ ಯಾರಿಗೂ ಚಿಕ್ಕಮ್ಮನಾಗಬೇಕಾದವಳಲ್ಲ. ನೆಲ ಒರೆಸುವ ಕೆಲಸಕ್ಕೆ ಸೇರಿದವಳು. ಎಷ್ಟೋ ವರ್ಷಗಳ ಹಿಂದೆ ಒಂದು ದಿನ ಅಳುವ ಕೂಸೊಂದನ್ನು ಹಿಡಿದುಕೊಳ್ಳಲು ಯಾರೂ ಸಿಗದೆ ಅವಳನ್ನು ಒಳಗೆ ಕರೆದಿದ್ದರು. ಕೂಸು ಅವಳ ಕೈಗೆ ಬಂದದ್ದೇ ತಡ ಸುಮ್ಮನಾಯಿತು. ಅಂದಿನಿಂದ ಯಾವ ಮಗು ಬಂದರೂ "ಚಿಕ್ಕಮ್ಮ ಎಲ್ಲಿ?" ಎಂಬ ಕೂಗು ಏಳುತ್ತಿತ್ತು. ಅವಳು ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೈ ತೊಳೆದು, ಮೊಳೆಗೆ ನೇತು ಹಾಕಿದ್ದ, ಕಿರಣ ತಡೆಯುವ ಸೀಸದ ಏಪ್ರನ್ ತೊಟ್ಟು ನಿಲ್ಲುತ್ತಿದ್ದಳು.

ಈಗಲೂ ಹಾಗೆಯೇ ನಿಂತಳು. ಮಗುವಿನ ಎರಡು ತೋಳನ್ನೂ ಮೇಲೆತ್ತಿ, ತಲೆಯ ಇಕ್ಕೆಲಕ್ಕೆ ಒತ್ತಿ ಹಿಡಿದು, "ರಾಜಾ, ಆ ಗೋಡೆ ಹಿಂದೆ ಒಂದು ಬೆಕ್ಕಿದೆ ಗೊತ್ತಾ? ನಾವು ಬಲೂನ್ ಊದಿದ್ರೆ ಮಾತ್ರ ಬರುತ್ತೆ. ಎಲ್ಲಿ, ಉಸಿರು ಎಳ್ಕೋ ನೋಡೋಣ, ಇಷ್ಟು ದಪ್ಪ ಬಲೂನು," ಎಂದು ತಾನೇ ಕೆನ್ನೆ ಉಬ್ಬಿಸಿದಳು. ಮಗು ಅಳುವುದೋ ನಗುವುದೋ ಎಂದು ಒಂದು ಗಳಿಗೆ ಅನುಮಾನಿಸಿ ಗಾಳಿ ಎಳೆದುಕೊಂಡಿತು. ಸೀಸದ ಗಾಜಿನ ಈಚೆ ನಿಂತಿದ್ದ ಹಿರಿಯ ತಂತ್ರಜ್ಞರು ಗುಂಡಿ ಒತ್ತಿದರು.

"ಒಂದೇ ಏಟು," ಎಂದರು ಅವರು, ತೃಪ್ತಿಯಿಂದ. ದಿನಕ್ಕೆ ಹತ್ತಾರು ಸಲ ಅವರು ಆಡುವ ಮಾತು ಅದು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಕರೆಯುವುದೂ ಒಂದೇ ಏಟು ಸರ್ ಎಂದೇ.

ಅವರ ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ಹುಡುಗಿ ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದಳು. ಮನೆಯಲ್ಲಿ ಅವಳನ್ನು ಕಿಡಿ ಎನ್ನುತ್ತಿದ್ದರು. ಅಪ್ಪ ಕಿಟಕಿ, ಗೇಟು ಬೆಸುಗೆ ಹಾಕುವ ವೆಲ್ಡರ್. ಚಿಕ್ಕವಳಿದ್ದಾಗ ಅವನ ಅಂಗಡಿಯಲ್ಲಿ ಬೆಸುಗೆಯ ಕಿಡಿಯ ಹಾಗೆ ಕಾಲಿಗೆ ಸಿಕ್ಕಿಕೊಂಡು ಓಡಾಡುತ್ತಿದ್ದಳೆಂದು ಬಿದ್ದ ಹೆಸರು. ಅದು ಹೇಗೋ ಕಾಲೇಜಿಗೂ ಅವಳ ಬೆನ್ನು ಹತ್ತಿ ಬಂದಿತ್ತು. ರೇಡಿಯಾಗ್ರಫಿ ಮತ್ತು ಮೆಡಿಕಲ್ ಇಮೇಜಿಂಗ್ ಪದವಿಯ ಕೊನೆಯ ವರ್ಷ ಓದುತ್ತಿದ್ದಳು.

ಕಪ್ಪು ಪರದೆಯ ಮೇಲೆ ಮಗುವಿನ ಎದೆ ಮೂಡಿತು. ಎಷ್ಟು ಸಲ ನೋಡಿದರೂ ಕಿಡಿಗೆ ಇದು ಹಳೆಯದಾಗಿರಲಿಲ್ಲ. ಈಗಷ್ಟೇ ಮೂಗು ಸುರಿಸುತ್ತಿದ್ದ ಆ ಮುಷ್ಟಿಯಷ್ಟು ಜೀವದೊಳಗೆ ಇಷ್ಟೊಂದು ಅಚ್ಚುಕಟ್ಟು. ಪಕ್ಕೆಲುಬುಗಳು ಒಂದರ ಕೆಳಗೊಂದು ಬಾಗಿ ನಿಂತಿದ್ದವು. ನಡುವೆ ಎಡಕ್ಕೆ ವಾಲಿ ಕುಳಿತ ಹೃದಯ, ಎರಡೂ ಕಡೆ ಗಾಳಿ ತುಂಬಿದ ಕತ್ತಲು. ಆ ಕತ್ತಲಿನ ಒಂದು ಮೂಲೆಯಲ್ಲಿ ಮಂಜು ಕವಿದ ಹಾಗೆ ಬಿಳುಪು. ಅದೇ ಕೆಮ್ಮು. ಕಿವಿಗೆ ಕೇಳಿದ್ದ ಕೆಮ್ಮು ಈಗ ಕಣ್ಣಿಗೆ ಕಾಣುತ್ತಿತ್ತು.

"ಬಾಯಿ ಮುಚ್ಚಮ್ಮ, ಬೆಕ್ಕು ಒಳಗೆ ಹೋದೀತು," ಎಂದರು ಸರ್. "ಅಂಚು ಸರಿ ಮಾಡಿ ಡಾಕ್ಟ್ರಿಗೆ ಕಳ್ಸು."

ಅಂಚು ಸರಿ ಮಾಡುವುದೆಂದರೆ ಇಷ್ಟೆ. ಚಿತ್ರದ ಮೇಲಿನ ಎರಡು ಮೂಲೆಗಳಲ್ಲಿ, ಮಗುವಿನ ತೋಳುಗಳನ್ನು ಸುತ್ತಿಕೊಂಡು ದೊಡ್ಡವರ ಬೆರಳಿನ ಮೂಳೆಗಳು ಕಾಣುತ್ತಿದ್ದವು. ಅವುಗಳ ಮೇಲೆ ಕಪ್ಪು ಪಟ್ಟಿ ಎಳೆಯಬೇಕು. ಡಾಕ್ಟರಿಗೆ ಮಗುವಿನ ಎದೆ ಬೇಕು, ಯಾರದೋ ಬೆರಳು ಬೇಡ. ಕಿಡಿ ಒಂದು ಪಟ್ಟಿ ಎಳೆದಳು. ಎರಡನೆಯದನ್ನು ಎಳೆಯುವಾಗ, ಎಡಗೈಯ ನಡುಬೆರಳಿನ ಮೂಳೆ ಗಂಟಿನ ಹತ್ತಿರ ಸೊಟ್ಟಗಿರುವುದು ಕಂಡಿತು. ಯಾವಾಗಲೋ ಬಾಗಿಲಿಗೆ ಸಿಕ್ಕಿ ಮುರಿದು ಹೇಗೋ ಕೂಡಿಕೊಂಡ ಬೆರಳು ಅದು ಎಂದು ಚಿಕ್ಕಮ್ಮನೇ ಹೇಳಿದ್ದಳು. ಕಿಡಿ ಅದರ ಮೇಲೂ ಪಟ್ಟಿ ಎಳೆದಳು. ಚಿತ್ರ ಚೊಕ್ಕವಾಯಿತು.

ಓದಲು ಸೇರಿದ ಮೇಲೆ ಕಿಡಿಗೆ ಜನರು ಕಾಣುವ ರೀತಿಯೇ ಬದಲಾಗಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಭುಜದಲ್ಲಿ ಕೊರಳಮೂಳೆ ಹೇಗೆ ತಿರುಗಿತು ಎಂದು ನೋಡುತ್ತ ಇಳಿಯುವ ಜಾಗ ದಾಟಿಹೋಗುತ್ತಿತ್ತು. ಮನೆಯಲ್ಲಿ ಅಮ್ಮನ ಕೈಯನ್ನು ದಿಟ್ಟಿಸುತ್ತ ಕೂರುತ್ತಿದ್ದಳು.

"ಏನೇ ಹಾಗೆ ನೋಡ್ತೀಯ?"

"ನಿನ್ನ ಮಣಿಕಟ್ಟಲ್ಲಿ ಎಂಟು ಮೂಳೆ ಇದಾವೆ ಅಮ್ಮ. ಒಂದೊಂದೂ ಕಾಳಿನಷ್ಟು. ಅದು ಹೇಗೆ ಜೋಡ್ಸಿಟ್ಟ ಹಾಗಿದಾವೆ ಗೊತ್ತಾ?"

"ಎಂಟೂ ನೋಯ್ತಾವೆ. ಏಳು, ಪಾತ್ರೆ ತೊಳಿ."

ಪದವಿ ಮುಗಿದರೆ ಆಸ್ಪತ್ರೆಯಲ್ಲೇ ಕೆಲಸ. ಆ ಮನೆಯಲ್ಲಿ ಪದವಿಯ ಬಾಗಿಲವರೆಗೆ ಹೋದವಳು ಅವಳೊಬ್ಬಳೇ. ಇನ್ನು ಉಳಿದದ್ದು ಆಸ್ಪತ್ರೆಯ ತರಬೇತಿಯ ಕೊನೆಯ ಭಾಗ, ಆಮೇಲೆ ಪರೀಕ್ಷೆ.

ಹಾಗಿರುವಾಗ ಒಂದು ದಿನ ವಿಭಾಗದ ಮೇಡಂ ಅವಳನ್ನು ಕರೆಸಿದರು. ಪಾಠ ಹೇಳುವುದರ ಜೊತೆಗೆ, ಕಿರಣಗಳಿಂದ ಯಾರಿಗೂ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆಯೂ ಅವರದೇ. ಎಕ್ಸ್-ರೇ ಕೆಲಸ ಮಾಡುವವರೆಲ್ಲ ಎದೆಯ ಮೇಲೆ ಒಂದು ಪುಟ್ಟ ಬ್ಯಾಡ್ಜ್ ಧರಿಸಬೇಕು. ಮೈಮೇಲೆ ಬಿದ್ದ ಕಿರಣವನ್ನು ಅದು ಸದ್ದಿಲ್ಲದೆ ಲೆಕ್ಕ ಇಡುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿ ಓದಿಸುತ್ತಾರೆ. ಹೊಸದು ಬರುತ್ತದೆ.

"ಈ ಮೂರು ತಿಂಗಳು ನೀನು ಎಲ್ಲಿ ನಿಂತಿದ್ದೆ?" ಮೇಡಂ ಕೇಳಿದರು.

"ಗಾಜಿನ ಹಿಂದೆ, ಮೇಡಂ. ಕಂಪ್ಯೂಟರ್ ಹತ್ರ."

"ಗಾಜಿನ ಹಿಂದೆ ನಿಂತವರ ಬ್ಯಾಡ್ಜಲ್ಲಿ ಇಷ್ಟು ದೊಡ್ಡ ಅಂಕಿ ಬರಲ್ಲ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪ್ರಾಣಕ್ಕೆ ಹೆದರೋ ಅಷ್ಟಲ್ಲ. ಆದರೆ ಒಬ್ಬ ವಿದ್ಯಾರ್ಥಿಗೆ ಬರಬಾರದ್ದು. ಏನಾಯ್ತು ಅಂತ ಬರೆದುಕೊಡು. ಅಲ್ಲಿವರೆಗೆ ಎಕ್ಸ್-ರೇ ಕೋಣೆಗೆ ಹೋಗೋ ಹಾಗಿಲ್ಲ."

"ತರಬೇತಿ ನಿಂತ್ರೆ ಪರೀಕ್ಷೆಗೆ ಕೂರೋಕಾಗಲ್ಲ ಮೇಡಂ. ಒಂದು ವರ್ಷ ಹೋಗುತ್ತೆ."

"ಅದಕ್ಕೇ ಬೇಗ ಬರಿ ಅಂತಿರೋದು. ಸೋಮವಾರದೊಳಗೆ."

ಕಿಡಿ ಮೆಟ್ಟಿಲಿಳಿದು ಬರುವಷ್ಟರಲ್ಲಿ ತಲೆಯಲ್ಲಿ ಎಲ್ಲವನ್ನೂ ತಡಕಾಡಿದ್ದಳು. ಏನೂ ಹೊಳೆಯಲಿಲ್ಲ. ಬ್ಯಾಗು ತೆಗೆದುಕೊಳ್ಳಲೆಂದು ಎಕ್ಸ್-ರೇ ವಿಭಾಗಕ್ಕೆ ಹೋದಾಗ ಚಿಕ್ಕಮ್ಮ ಒಂದು ಮಗುವನ್ನು ಅದರ ಅಮ್ಮನ ಕೈಗೆ ದಾಟಿಸುತ್ತಿದ್ದಳು. ಅವಳು ತೊಟ್ಟಿದ್ದ ಏಪ್ರನ್ನಿನ ಕೊರಳ ಪಟ್ಟಿಯಲ್ಲಿ ಕಿಡಿಯ ಹೆಸರಿನ ಹೊಸ ಬ್ಯಾಡ್ಜ್ ಮಿನುಗುತ್ತಿತ್ತು.

ಆಗ ಹೊಳೆಯಿತು. ತರಗತಿಯ ಗೆಳತಿಯೊಬ್ಬಳು ಬ್ಯಾಡ್ಜ್ ಕಳೆದುಕೊಂಡು, ಸಮಜಾಯಿಷಿ ಬರೆದು ಬರೆದು ಸುಸ್ತಾಗಿದ್ದಳು. ತನಗೆ ಹಾಗಾಗದಿರಲಿ ಎಂದು ಕಿಡಿ ತನ್ನದನ್ನು ವಿದ್ಯಾರ್ಥಿಗಳ ಏಪ್ರನ್ನಿಗೆ ಸಿಕ್ಕಿಸಿ ಅಲ್ಲೇ ಬಿಟ್ಟಿದ್ದಳು. ಕಳೆಯುವ ಮಾತೇ ಇಲ್ಲ. ತಾನು ಗಾಜಿನ ಹಿಂದೆ ಇರುವವಳು, ಏಪ್ರನ್ ತೊಡುವ ಪ್ರಸಂಗವೇ ಬಂದಿರಲಿಲ್ಲ. ವಿಭಾಗದ ಹಳೇ ಏಪ್ರನ್ ಭಾರ ಜಾಸ್ತಿ, ಸೊಂಟ ಹಿಡಿಯುತ್ತದೆ ಎಂದು ಚಿಕ್ಕಮ್ಮ ಈ ಹಗುರದ್ದನ್ನು ತೊಡುತ್ತಿದ್ದಳು. ಅದನ್ನು ಕಿಡಿ ದಿನಾ ನೋಡಿದ್ದಳು, ನೋಡಿಯೂ ಗಮನಿಸಿರಲಿಲ್ಲ.

ಹಾಗಾದರೆ ಮೇಡಂ ಹೇಳಿದ ಆ ಅಂಕಿ ತನ್ನದಲ್ಲ. ಚಿಕ್ಕಮ್ಮನದು. ಅದೂ ಮೂರು ತಿಂಗಳದ್ದು ಮಾತ್ರ. ಅದಕ್ಕೆ ಮುಂಚಿನ ವರ್ಷಗಳನ್ನು ಯಾವ ಬ್ಯಾಡ್ಜೂ ಅಳೆದಿರಲಿಲ್ಲ.

ಒಂದೇ ಏಟು ಸರ್ ಚಹಾದ ಲೋಟ ಹಿಡಿದು ಕಿಟಕಿಯ ಬಳಿ ನಿಂತಿದ್ದರು. ಕಿಡಿ ಹೇಳಿದ್ದನ್ನು ಪೂರ್ತಿ ಕೇಳಿ, ನಿರಾಳವಾಗಿ ಉಸಿರು ಬಿಟ್ಟರು.

"ಇಷ್ಟೇನಾ? ನಾನು ಏನೋ ಅಂದ್ಕೊಂಡೆ. ನೋಡಮ್ಮ, ಬ್ಯಾಡ್ಜ್ ಕೋಣೇಲಿ ಮೊಳೆಗೆ ನೇತಾಡ್ತಾ ಇತ್ತು ಅಂತ ಬರಿ. ಸುಳ್ಳೇನಲ್ಲವಲ್ಲ. ಯಾರ ಮೈ ಮೇಲೂ ಇಲ್ದಿದ್ರೆ ಆ ಅಂಕಿ ಯಾರದ್ದೂ ಅಲ್ಲ. ಹೊಡೆದು ಹಾಕ್ತಾರೆ. ನೀನು ನಾಳೆಯಿಂದ್ಲೇ ಕೆಲಸಕ್ಕೆ ಬಾ."

"ಯಾರ ಮೈ ಮೇಲೂ ಇರ್ಲಿಲ್ವಾ ಸರ್?"

ಸರ್ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಅವರು ಕೋಪದವರಲ್ಲ. ಆದರೆ ಆ ಪ್ರಶ್ನೆ ಅವರಿಗೆ ಇಷ್ಟವಾಗಲಿಲ್ಲ.

"ನಾನೂ ಪುಸ್ತಕ ಓದಿ ಬಂದವನೇ. ಮಗೂನ ಮನೆಯವರೇ ಹಿಡೀಬೇಕು, ದಿನಾ ಒಬ್ಬರೇ ಹಿಡೀಬಾರದು, ಎಲ್ಲ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಮಾಡ್ತಿದ್ದೆ. ಒಂದು ಸಲ ಒಬ್ಬ ತಾಯಿ ಕೈ ನಡುಗಿ ಬಿಟ್ಟುಬಿಟ್ಲು. ಇನ್ನೊಂದ್ಸಲ ತೆಗೆದೆ, ಮಗು ತಿರುಗಿಬಿಡ್ತು. ಮತ್ತೆ ತೆಗೆದೆ. ಮತ್ತೆ. ಆ ಹಸುಗೂಸಿನ ಮೇಲೆ ನಾನು ಎಷ್ಟು ಸಲ ಕಿರಣ ಬಿಟ್ಟೆ ಅಂತ ಈಗಲೂ ಎದೇಲಿ ಕೂತಿದೆ. ಚಿಕ್ಕಮ್ಮ ಹಿಡಿದ್ರೆ ಒಂದೇ ಏಟು. ಯಾವುದು ನ್ಯಾಯ ಹೇಳು."

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

"ಮಕ್ಕಳಿಗೆ ಒಂದೇ ಏಟು ಸರ್," ಎಂದಳು ಕಿಡಿ. "ಚಿಕ್ಕಮ್ಮನಿಗೆ?"

"ತರಬೇತಿ ಮಾರ್ಕ್ಸ್ ನಾನೇ ಹಾಕ್ಬೇಕು, ಗೊತ್ತಲ್ಲ," ಎಂದರು ಸರ್ ಮೆಲ್ಲಗೆ. ಹೇಳಿದ ಮೇಲೆ ಅವರಿಗೇ ಅದು ಹಿಡಿಸಲಿಲ್ಲವೆಂದು ಕಾಣುತ್ತದೆ. ಮುಖ ತಿರುಗಿಸಿ, ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಚಿಕ್ಕಮ್ಮ ಕಾರಿಡಾರಿನ ಕೊನೆಯಲ್ಲಿ ಬಕೆಟ್ಟಿನ ನೀರು ಬದಲಿಸುತ್ತಿದ್ದಳು. ಕಿಡಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಎಲ್ಲ ಹೇಳಿದಳು. ಕಿರಣವೆಂದರೇನು, ಸೀಸ ಎದೆಯನ್ನು ಮುಚ್ಚಿದರೂ ಕೈ ಹೇಗೆ ಬಯಲಿಗೇ ಉಳಿಯುತ್ತದೆ ಎಂದು ಬಿಡಿಸಿ ಹೇಳಿದಳು.

"ನನಗೆ ಏನಾಗಿದೆ?" ಚಿಕ್ಕಮ್ಮ ತನ್ನ ಎರಡೂ ಕೈಯನ್ನು ಮುಂದೆ ಮಾಡಿ ತಿರುಗಿಸಿ ತೋರಿಸಿದಳು. "ಕಲ್ಲಿನ ಹಾಗಿದೀನಿ."

"ಏನೂ ಆಗಿಲ್ಲ ಚಿಕ್ಕಮ್ಮ. ಏನೂ ಆಗ್ದೇ ಇರ್ಲಿ ಅಂತಾನೇ."

"ಹಾಗಾದ್ರೆ ಸರ್ ಹೇಳಿದ ಹಾಗೆ ಬರೆದು ಬಿಡು ಮರಿ. ನಿನ್ನ ಓದೂ ನಿಲ್ಲಲ್ಲ, ನನ್ನ ಪಾಡೂ ನಡೆಯುತ್ತೆ."

"ನಿಮ್ಮನ್ನ ಕೆಲಸದಿಂದ ತೆಗೀತಾರೆ ಅಂತ ಭಯನಾ?"

ಚಿಕ್ಕಮ್ಮ ಒರೆಸುವ ಬಟ್ಟೆಯನ್ನು ಹಿಂಡಿದಳು. ನೀರೆಲ್ಲ ಇಳಿದ ಮೇಲೂ ಹಿಂಡುತ್ತಲೇ ಇದ್ದಳು.

"ಈ ನೆಲ ಒರೆಸ್ತೀನಲ್ಲ, ಇದರ ಮೇಲೆ ನಡೆಯೋರಿಗೆ ನಾನು ಕಾಣೋದೇ ಇಲ್ಲ. ಒದ್ದೆ ನೆಲದ ಮೇಲೆ ಕಾಲಿಟ್ಟು ಹೋಗ್ತಾರೆ. ತಪ್ಪು ಅವರದ್ದಲ್ಲ ಬಿಡು, ಅವರವರ ನೋವು ಅವರಿಗೆ. ಆದರೆ ಆ ಕೋಣೆಗೆ ಹೋದ್ರೆ, ದೊಡ್ಡ ದೊಡ್ಡವರೂ 'ಚಿಕ್ಕಮ್ಮ, ಸ್ವಲ್ಪ ಹಿಡ್ಕೋಮ್ಮ' ಅಂತ ಮಗೂನ ನನ್ನ ಕೈಲಿ ಕೊಡ್ತಾರೆ. ನನ್ನ ಕೈಲಿ." ಅವಳು ತಲೆ ಎತ್ತಲಿಲ್ಲ. "ಅದೊಂದನ್ನ ಬಿಡಿಸ್ಬೇಡ."

ಕಿಡಿ ಅಪ್ಪನ ಅಂಗಡಿಗೆ ಹೋದಾಗ ಅಪ್ಪ ಒಂದು ಕಿಟಕಿಯ ಸರಳುಗಳನ್ನು ಕೂಡಿಸುತ್ತಿದ್ದ. ಎದುರಿಗೆ ಅಮ್ಮ ಮೋಟು ಕಾಲುಮಣೆಯ ಮೇಲೆ ಕುಳಿತು ಚೌಕಟ್ಟು ಅಲುಗದಂತೆ ಹಿಡಿದಿದ್ದಳು. ಇಬ್ಬರ ಮುಖದ ಮೇಲೂ ಕಪ್ಪು ಗಾಜಿನ ಮುಖವಾಡ. ಇಬ್ಬರ ಕೈಯಲ್ಲೂ ಚರ್ಮದ ಗವಸು. ನೀಲಿ ಬೆಳಕು ಚಟಚಟನೆ ಹಾರಿತು. ಕಿಡಿ ಅಭ್ಯಾಸಬಲದಿಂದ ಮುಖ ತಿರುಗಿಸಿದಳು. ಆ ಬೆಳಕನ್ನು ಬರಿಗಣ್ಣಿನಲ್ಲಿ ನೋಡಬಾರದು ಎಂಬುದು ಅವಳು ಅಕ್ಷರಕ್ಕಿಂತ ಮೊದಲು ಕಲಿತ ಪಾಠ.

ಕೆಲಸ ನಿಂತ ಮೇಲೆ ಅವಳು ವಿಷಯ ಹೇಳಿದಳು. ಅಪ್ಪ ಮುಖವಾಡವನ್ನು ತಲೆಯ ಮೇಲಕ್ಕೆ ಸರಿಸಿ ಕೇಳಿದ. ಒಂದು ವರ್ಷ ಹೋಗಬಹುದು ಎಂಬ ಮಾತಿಗೆ ಅವನು ಗವಸು ಕಳಚಿ ಕೆಳಗಿಟ್ಟ.

"ನಿಮ್ಮ ಸರ್ ಹೇಳಿದ ಹಾಗೆ ಬರೆದ್ರೆ ಏನಾಗುತ್ತೆ?"

"ಏನೂ ಆಗಲ್ಲಪ್ಪ. ಎಲ್ಲಾ ಮೊದಲಿನ ಹಾಗೇ ನಡೆಯುತ್ತೆ."

ಅಮ್ಮ ತನ್ನ ಮುಖವಾಡವನ್ನು ಮೊಣಕಾಲ ಮೇಲಿಟ್ಟುಕೊಂಡು ಗಾಜು ಒರೆಸುತ್ತಿದ್ದಳು. "ಇದು ಬರೋಕೆ ಮುಂಚೆ ನಾನು ಹೇಗೆ ಹಿಡೀತಿದ್ದೆ ಅಂತ ಕೇಳು ನಿಮ್ಮಪ್ಪನ್ನ."

"ಹಳೇ ಕಥೆ ಈಗ್ಯಾಕೆ," ಎಂದ ಅಪ್ಪ.

"ಕಣ್ಣು ಮುಚ್ಕೊಂಡು ಹಿಡೀತಿದ್ದೆ. ಆದ್ರೂ ಕಣ್ಣೊಳಗೆ ಮರಳು ಸುರಿದ ಹಾಗೆ ಉರಿಯೋದು. ಈ ಮಹಾನುಭಾವ ತನಗೊಂದು ಮುಖವಾಡ ತಂದ್ಕೊಂಡಿದ್ರು. 'ಬೆಸುಗೆ ಹಾಕೋನು ನಾನಲ್ವಾ, ನೀನು ಬರೀ ಹಿಡ್ಕೊಳ್ಳೋಳು' ಅಂತಿದ್ರು."

ಅಪ್ಪ ಕಿಟಕಿಯ ಚೌಕಟ್ಟನ್ನು ಸುಮ್ಮನೆ ಅತ್ತಿತ್ತ ತಿರುಗಿಸಿದ. "ಬೆಳಕಿಗೆ ಏನು ಗೊತ್ತು, ಹಿಡಿಯೋರು ಯಾರು ಹಾಕೋರು ಯಾರು ಅಂತ," ಎಂದ. "ಅವಳ ಮುಖವಾಡ ತಡವಾಗಿ ತಂದೆ ಕಿಡಿ. ತಂದೆ, ಆದ್ರೆ ತಡವಾಗಿ."

ಅಮ್ಮ ಮುಖವಾಡ ಕೆಳಗೆಳೆದು ಮತ್ತೆ ಚೌಕಟ್ಟು ಹಿಡಿದಳು.

ಸೋಮವಾರ ಕಿಡಿ ಮೇಡಂ ಮುಂದೆ ಒಂದು ಹಾಳೆ ಇಟ್ಟಳು. ಹೆಚ್ಚು ಬರೆದಿರಲಿಲ್ಲ. ಬ್ಯಾಡ್ಜನ್ನು ಏಪ್ರನ್ನಿನಲ್ಲೇ ಬಿಟ್ಟದ್ದು ತನ್ನ ತಪ್ಪು, ಆ ಏಪ್ರನ್ ತೊಟ್ಟು ಮಕ್ಕಳನ್ನು ಹಿಡಿದವರು ಚಿಕ್ಕಮ್ಮ, ಚಿತ್ರಗಳಿಂದ ಅವರ ಬೆರಳನ್ನು ದಿನಾ ಮರೆಮಾಡಿದವಳೂ ತಾನೇ ಎಂದಷ್ಟೇ ಇತ್ತು.

ಮೇಡಂ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದರು. "ಬೆರಳು ಅಂದ್ರೆ?"

"ತೋರಿಸ್ಲಾ ಮೇಡಂ?"

ಚಿತ್ರ ನೋಡುವ ಕೋಣೆಯಲ್ಲಿ ದೀಪ ಮಂದವಾಗಿತ್ತು. ಡಾಕ್ಟರಿಗೆ ಕಳಿಸುವ ಪ್ರತಿಯಲ್ಲಿ ಅಂಚು ಮುಚ್ಚಿದ್ದರೂ, ಯಂತ್ರ ತಾನು ಮೊದಲು ಕಂಡದ್ದನ್ನು ಕೆಲವು ಕಾಲ ಹಾಗೇ ಇಟ್ಟುಕೊಂಡಿರುತ್ತದೆ. ಕಿಡಿ ಒಂದು ಮಗುವಿನ ಚಿತ್ರ ತೆರೆದು, ಕಪ್ಪು ಪಟ್ಟಿಯನ್ನು ಸರಿಸಿದಳು. ಬೆರಳುಗಳು ಬೆಳಗಿದವು. ಇನ್ನೊಂದು ಚಿತ್ರ. ಮತ್ತೆ ಬೆರಳುಗಳು, ಅದೇ ಸೊಟ್ಟ ನಡುಬೆರಳು. ಮತ್ತೊಂದು.

ಕತ್ತಲೊಳಗಿಂದ ಒಂದಾದ ಮೇಲೊಂದು ಪುಟ್ಟ ಎದೆ ತೇಲಿ ಬರುತ್ತಿತ್ತು. ಒಂದು ತೆಳ್ಳಗೆ, ಒಂದು ಗುಂಡಗೆ. ಒಂದರ ಶ್ವಾಸಕೋಶದಲ್ಲಿ ಮಂಜು, ಇನ್ನೊಂದರ ಗಂಟಲಲ್ಲಿ ನುಂಗಿದ ನಾಣ್ಯದ ದುಂಡು ಬಿಳುಪು. ಹುಟ್ಟಿ ವಾರವಾಗದ ಕೂಸೊಂದರ ಪಕ್ಕೆಲುಬುಗಳು ಎಲೆಯ ನರಗಳಷ್ಟು ಸಣ್ಣಗಿದ್ದವು. ಮಕ್ಕಳು ಬೇರೆ ಬೇರೆ. ಅವನ್ನು ಹಿಡಿದ ಕೈ ಒಂದೇ. ಮೂಳೆಯಷ್ಟೇ ಕಾಣುವ ಆ ಲೋಕದಲ್ಲಿ ಮಾಂಸವಿಲ್ಲ, ಬಟ್ಟೆಯಿಲ್ಲ, ಮುಖವಿಲ್ಲ. ಆದರೂ ಆ ಕೈ ಯಾರದೆಂದು ಕೇಳಬೇಕಾಗಿರಲಿಲ್ಲ. ಅದು ಎಲ್ಲೂ ಹಿಸುಕಿರಲಿಲ್ಲ, ಎಲ್ಲೂ ಜಾರಿರಲಿಲ್ಲ. ಹಾರಿಹೋಗದಂತೆಯೂ ನೋಯದಂತೆಯೂ ಹಕ್ಕಿಮರಿಯನ್ನು ಹಿಡಿದ ಹಾಗೆ ಪ್ರತಿ ಚಿತ್ರದಲ್ಲೂ ಅಷ್ಟೇ ಬಿಗಿ, ಅಷ್ಟೇ ಸಡಿಲ.

ಒಂದೇ ಏಟು ಸರ್ ಯಾವಾಗ ಬಂದು ಬಾಗಿಲಲ್ಲಿ ನಿಂತರೋ ಇಬ್ಬರಿಗೂ ತಿಳಿಯಲಿಲ್ಲ. ಪರದೆಯ ಬೆಳಕು ಅವರ ಮುಖದ ಮೇಲೆ ಬಿದ್ದಿತ್ತು. ತಾವೇ ತೆಗೆದ ಚಿತ್ರಗಳನ್ನು ಬೇರೆ ಯಾರೋ ತೆಗೆದವೆಂಬಂತೆ ನೋಡುತ್ತಿದ್ದರು.

"ಇನ್ನೊಂದು ತೋರಿಸು," ಎಂದರು. ಅವಳು ತೋರಿಸಿದಳು.

"ಇನ್ನೊಂದು."

ಹೀಗೆ ಎಷ್ಟೋ ಹೊತ್ತು. ಕಡೆಗೆ ಅವರು ಗೋಡೆಯ ಆಸರೆ ಹಿಡಿದು ಕುರ್ಚಿಯಲ್ಲಿ ಕುಳಿತರು. "ಒಂದೇ ಏಟು ಅಂತ ಎಷ್ಟು ಜಂಬದಿಂದ ಹೇಳ್ತಿದ್ದೆ," ಎಂದರು. ಆಮೇಲೆ ಮೇಡಂ ಕಡೆ ತಿರುಗಿ, "ಈ ಹುಡುಗಿ ಬರೆದಿರೋದೆಲ್ಲ ನಿಜ. ಅವಳಿಗೆ ಅಂಚು ಮುಚ್ಚೋಕೆ ಕಲಿಸಿದವನು ನಾನೇ. ಅದನ್ನೂ ಸೇರಿಸಿಕೊಳ್ಳಿ," ಎಂದರು.

ಅಲ್ಲಿಂದ ಮುಂದೆ ನಡೆದದ್ದರಲ್ಲಿ ಗದ್ದಲವೇನೂ ಇರಲಿಲ್ಲ. ಚಿಕ್ಕಮ್ಮನ ರಕ್ತ ಪರೀಕ್ಷೆ ಮಾಡಿಸಿದರು, ಕೈಯ ಚರ್ಮವನ್ನು ಡಾಕ್ಟರು ದೀಪದ ಕೆಳಗೆ ಹಿಡಿದು ನೋಡಿದರು. ಸದ್ಯಕ್ಕೆ ಕೆಡುಕೇನೂ ಕಾಣಲಿಲ್ಲ, ಆದರೆ ಆಗಾಗ ಬಂದು ತೋರಿಸಬೇಕು ಎಂದರು. ಚಿಕ್ಕ ಮಕ್ಕಳನ್ನು ಅಲುಗದಂತೆ ಕೂರಿಸುವ ಪಟ್ಟಿಯ ಕುರ್ಚಿಯೊಂದು ಉಗ್ರಾಣದಲ್ಲಿ ಬಿಚ್ಚದೆ ಬಿದ್ದಿತ್ತು. ಸರ್ ತಾವೇ ಅದರ ಧೂಳು ಕೊಡವಿ ತಂದರು. ಅದಕ್ಕೂ ಬಗ್ಗದ ಮಕ್ಕಳನ್ನು ಮನೆಯವರೇ ಏಪ್ರನ್ ತೊಟ್ಟು ಹಿಡಿಯಬೇಕು, ಹಿಡಿಯುವ ತಾಯಿ ಬಸುರಿಯೇ ಎಂದು ಮೊದಲು ಕೇಳಬೇಕು ಎಂದಾಯಿತು. ಬ್ಯಾಡ್ಜ್ ವಿಷಯದಲ್ಲಿ ಕಿಡಿಗೆ ಎಚ್ಚರಿಕೆ ಕೊಟ್ಟು, ತಪ್ಪಿದ ತರಬೇತಿಯನ್ನು ರಜೆಯಲ್ಲಿ ಮುಗಿಸಲು ಹೇಳಿದರು. ಪರೀಕ್ಷೆ ತಪ್ಪಲಿಲ್ಲ.

ಚಿಕ್ಕಮ್ಮ ಮಾತ್ರ ಕಿಡಿಯೊಡನೆ ಮಾತು ಬಿಟ್ಟಳು. ಎದುರಾದರೆ ಒರೆಸುವ ಕೋಲನ್ನು ಅತ್ತ ತಿರುಗಿಸಿಕೊಂಡು ಹೋಗುತ್ತಿದ್ದಳು. ಒಂದು ದಿನ ಕಿಡಿ ದಾರಿಗೆ ಅಡ್ಡ ನಿಂತಳು.

"ಬೈದುಬಿಡಿ ಚಿಕ್ಕಮ್ಮ. ಸುಮ್ನಿರಬೇಡಿ."

"ಬೈಯೋಕೆ ನಾನ್ಯಾರು? ನೀನು ಓದಿದೋಳು. ನಿನಗೆ ನಿನ್ನ ಪರೀಕ್ಷೆ ಸಿಕ್ತು. ನನಗೆ ನನ್ನ ಬಕೆಟ್ ಸಿಕ್ತು." ಹೇಳಿ ಅವಳು ನೆಲ ನೋಡಿದಳು. "ಕಾಲು ತೆಗಿ, ಒದ್ದೆ ಇದೆ."

ಕಿಡಿ ಕಾಲು ತೆಗೆದಳು. ತಾನು ಮಾಡಿದ್ದು ಸರಿಯೆಂಬ ಬಗ್ಗೆ ಅನುಮಾನವಿರಲಿಲ್ಲ. ಸರಿ ಮಾಡಿದ ಮೇಲೂ ಎದೆಯಲ್ಲಿ ಇಷ್ಟು ಭಾರ ಉಳಿಯಬಹುದೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಆ ದಿನ ಅವಳು ಸರ್ ಬಳಿ ಹೋಗಿ ಚಿಕ್ಕಮ್ಮನಿಗಾಗಿ ಏನೋ ಕೇಳಿದಳು. ಸರ್ ತಲೆ ಕೆರೆದುಕೊಂಡು, "ಅದಕ್ಕೇನು, ಗಾಜಿನ ಈಚೆಗೆ ಜಾಗ ಇದೆಯಲ್ಲ," ಎಂದರು.

ಮರುದಿನ ಬೆಳಿಗ್ಗೆ ಒಂದು ಹುಡುಗಿ ಬಂತು. ಮೂರು ವರ್ಷದ್ದು, ಗಟ್ಟಿಗಿತ್ತಿ. ಪಟ್ಟಿಯ ಕುರ್ಚಿಯನ್ನು ಒಂದೇ ಒದೆಗೆ ಹಿಂದೆ ತಳ್ಳಿತು. ಅದರ ಅಪ್ಪ ಏಪ್ರನ್ ತೊಟ್ಟು, ಹೆದರಿಕೆಯಲ್ಲಿ ಅದರ ತೋಳನ್ನು ಹಿಸುಕಿಯೇ ಹಿಡಿದಿದ್ದ. ಹೊರಗೆ ಬೆಂಚಿನ ಮೇಲೆ ಕಾಯುವವರು ಗೊಣಗತೊಡಗಿದ್ದರು. ಸರ್ ಗುಂಡಿಯ ಮೇಲೆ ಬೆರಳಿಟ್ಟು, ತೆಗೆದು, ಮತ್ತೆ ಇಟ್ಟರು. ಒತ್ತಲಿಲ್ಲ.

ಅವರು ಎದ್ದು ಬಾಗಿಲು ತೆರೆದು ಕಾರಿಡಾರಿಗೆ ಕೂಗಿದರು. "ಚಿಕ್ಕಮ್ಮ, ಸ್ವಲ್ಪ ಬಾಮ್ಮ."

ಅವಳು ಬಂದಳು. ಕೈ ತೊಳೆದೇ ಬಂದಿದ್ದಳು. ನೇರ ಒಳಕೋಣೆಯ ಕಡೆ ಹೊರಟವಳನ್ನು ಸರ್ ತಡೆದು, ಗಾಜಿನ ಈಚೆ, ಕಿಡಿಯ ಪಕ್ಕದ ಕುರ್ಚಿಯನ್ನು ತೋರಿಸಿದರು. ಮೇಜಿನ ಮೇಲಿದ್ದ ಪುಟ್ಟ ಮೈಕನ್ನು ಅವಳ ಮುಂದೆ ಎಳೆದಿಟ್ಟರು.

"ಇದರಲ್ಲಿ ಮಾತಾಡು. ಒಳಗೆ ಕೇಳ್ಸುತ್ತೆ."

"ಇದರಲ್ಲಾ? ಮುಖ ಕಾಣ್ದೆ ಮಗು ನನ್ನ ಮಾತು ಕೇಳುತ್ತಾ?"

"ಗಾಜಲ್ಲಿ ಕಾಣ್ತೀಯ. ಮಾತಾಡು."

ಚಿಕ್ಕಮ್ಮ ಮೈಕನ್ನು ಅನುಮಾನದಿಂದ ನೋಡಿ, ಗಂಟಲು ಸರಿಮಾಡಿಕೊಂಡಳು. ಒಳಕೋಣೆಯ ಗೋಡೆಯಿಂದ ಅವಳ ದನಿ ಹೊರಟಿತು. "ಯಾರದು ಅಷ್ಟು ಜೋರಾಗಿ ಅಳ್ತಿರೋದು? ರಾಣಿನಾ? ರಾಣಿ, ಅಪ್ಪನ್ನ ನೋಡು, ನಿನಗಿಂತ ಜಾಸ್ತಿ ಹೆದರಿಬಿಟ್ಟಿದಾರೆ. ಪಾಪ, ಅಪ್ಪಂಗೆ ನೀನೇ ಧೈರ್ಯ ಹೇಳು."

ಹುಡುಗಿ ಅಳು ನಿಲ್ಲಿಸಿ ಅಪ್ಪನ ಮುಖ ನೋಡಿತು. ಅಪ್ಪ ನಿಜವಾಗಿಯೂ ಹೆದರಿದ್ದ.

"ನೋಡಿ ಅಪ್ಪಾಜಿ, ತೋಳನ್ನ ಹಿಸುಕಬೇಡಿ. ಮೊಣಕೈ ಮೇಲೆ ಹಿಡೀರಿ, ಕಿವಿಗೆ ತಾಗಿಸಿ. ಹಾಂ, ಹಾಗೇ. ರಾಣಿ, ಗೋಡೆ ಹಿಂದೆ ಬೆಕ್ಕು ನಾನು ಹಿಡ್ಕೊಂಡಿದೀನಿ, ಬಿಡ್ಲಾ? ದೊಡ್ಡ ಬಲೂನ್ ಊದು ಮತ್ತೆ. ಎಳ್ಕೋ ಉಸಿರು."

ಸರ್ ಗುಂಡಿ ಒತ್ತಿದರು. ಈ ಸಲ ಒಂದೇ ಏಟು ಎನ್ನಲಿಲ್ಲ.

ಚಿಕ್ಕಮ್ಮ ಇನ್ನೂ ಗಾಜಿನೊಳಗೆ ನೋಡಿ ನಗುತ್ತಿದ್ದಳು. ಕಿಡಿ ಅವಳ ಮೊಣಕೈ ಮುಟ್ಟಿ ಪರದೆಯ ಕಡೆ ತೋರಿಸಿದಳು. ಇಷ್ಟು ವರ್ಷ, ಚಿತ್ರ ಮೂಡುವ ಹೊತ್ತಿಗೆ ಚಿಕ್ಕಮ್ಮ ಯಾವಾಗಲೂ ಒಳಗಿರುತ್ತಿದ್ದಳು, ಮಗುವನ್ನು ಸಮಾಧಾನ ಮಾಡುತ್ತ. ಅವಳು ಹೊರಗೆ ಬರುವಷ್ಟರಲ್ಲಿ ಚಿತ್ರ ಡಾಕ್ಟರಿಗೆ ಹೋಗಿರುತ್ತಿತ್ತು. ಯಾರೂ ಅವಳಿಗೆ ತೋರಿಸಿರಲಿಲ್ಲ. ಅವಳೂ ಕೇಳಿರಲಿಲ್ಲ.

ಕತ್ತಲೊಳಗಿಂದ ಬೆಳಕಾಗಿ ಆ ಪುಟ್ಟ ಎದೆ ಮೂಡುತ್ತಿದ್ದ ಹಾಗೆ ಚಿಕ್ಕಮ್ಮನ ನಗು ನಿಂತಿತು. ಅವಳು ಕುರ್ಚಿಯಿಂದ ನಿಧಾನವಾಗಿ ಎದ್ದಳು.

"ಇದು... ಆ ಮಗೂನಾ?"

"ಹೂಂ ಚಿಕ್ಕಮ್ಮ. ಇದು ಪಕ್ಕೆಲುಬು. ಇದು ಹೃದಯ. ಇಲ್ಲಿ ಕಪ್ಪಗಿದೆಯಲ್ಲ, ಅದು ಈಗ ಅವಳು ಎಳೆದುಕೊಂಡ ಗಾಳಿ. ನೀವು ಎಳ್ಕೊ ಅಂದಿರಲ್ಲ, ಅದೇ."

ಚಿಕ್ಕಮ್ಮ ಮುಖವನ್ನು ಪರದೆಯ ಹತ್ತಿರ ತಂದಳು. ಅವಳ ಉಸಿರಿಗೆ ಪರದೆ ಒಂದು ಕ್ಷಣ ಮಸುಕಾಗಿ ತಿಳಿಯಾಯಿತು.

"ಇಷ್ಟು ಸಣ್ಣದನ್ನಾ ನಾನು ಹಿಡ್ಕೊತಿದ್ದದ್ದು?" ಎಂದಳು. "ಹೀಗಿರುತ್ತೆ ಅಂತ ಗೊತ್ತಿದ್ರೆ ಮುಟ್ಟೋಕೇ ಹೆದರ್ತಿದ್ದೆ."

ಚಿತ್ರದ ಮೂಲೆಗಳಲ್ಲಿ ಅಪ್ಪನ ಬೆರಳುಗಳಿದ್ದವು. ಅವನ್ನು ಕಂಡು ಅವಳು ತನ್ನ ಎಡಗೈಯನ್ನು ಮೇಲೆತ್ತಿ, ಸೊಟ್ಟ ನಡುಬೆರಳನ್ನು ಪರದೆಯ ಬೆಳಕಿಗೆ ಹಿಡಿದು ನೋಡಿಕೊಂಡಳು. ಕಿಡಿ ಹಳೆಯದೊಂದು ಚಿತ್ರ ತೆರೆದು, ಅಂಚಿನ ಪಟ್ಟಿ ಸರಿಸಿ, ಪಕ್ಕದಲ್ಲಿಟ್ಟಳು. ಚಿಕ್ಕಮ್ಮ ತನ್ನ ಬೆರಳನ್ನು ಬೆಳಕಿನ ಬೆರಳಿನ ಮೇಲೆ ಇಟ್ಟಳು. ಅದು ಸರಿಯಾಗಿ ಕೂಡಿತು. ಅವಳು ಬಹಳ ಹೊತ್ತು ಹಾಗೆಯೇ ನಿಂತಿದ್ದಳು. ಸರ್ ಹೊರಗಿನವರನ್ನು ಸ್ವಲ್ಪ ಕಾಯಲು ಹೇಳಿದರು.

ಆಮೇಲೆ ಮುಂದಿನ ಮಗು ಬಂತು, ತಾಯಿಯ ತೋಳಲ್ಲಿ. ಚಿಕ್ಕಮ್ಮ ತಾಯಿಯ ಕಿವಿಯಲ್ಲಿ ಮೆಲ್ಲಗೆ, ಬಸುರಿಯೇನಮ್ಮ ಎಂದು ಕೇಳಿದಳು. ತಾಯಿ ಇಲ್ಲವೆಂದು ತಲೆಯಾಡಿಸಿದಳು. ಚಿಕ್ಕಮ್ಮ ಮೊಳೆಯಿಂದ ಹಗುರದ ಏಪ್ರನ್ ತೆಗೆದಳು. ಹಳೆಯ ಅಭ್ಯಾಸ, ಕೈ ತನ್ನ ಹೆಗಲ ಕಡೆಗೇ ಹೋಯಿತು. ಅಲ್ಲಿ ಒಂದು ಗಳಿಗೆ ತಡೆಯಿತು. ನಂತರ ಅವಳು ಅದನ್ನು ತಾಯಿಯ ಕೊರಳಿಗೆ ಹಾಕಿ, ಹಿಂದಿನಿಂದ ಪಟ್ಟಿ ಬಿಗಿದಳು.

"ಸ್ವಲ್ಪ ಭಾರ ಇರುತ್ತೆ ಮಗಳೇ, ಇರ್ಲಿ," ಎಂದಳು. "ನಾನು ಇಲ್ಲೇ ಇರ್ತೀನಿ, ಗಾಜಿನ ಹಿಂದೆ."

ಅವಳು ಈಚೆಗೆ ಬಂದಳು. ಸೀಸ ತುಂಬಿದ ಆ ದಪ್ಪ ಬಾಗಿಲನ್ನು ಎರಡೂ ಕೈಯಿಂದ ಎಳೆದು ಮುಚ್ಚಿದಳು.